ಅಜ್ಜನ ಕೈ ನಡುಕಕ್ಕೂ ಮೊಮ್ಮಗನ ಫ್ರಾಜೈಲ್ ಎಕ್ಸ್‌ಗೂ ಸಂಬಂಧ ಇದೆಯಾ?

ನಿಮ್ಮ ಅಪ್ಪನಿಗೆ 66, ಕೈ ನಡುಗುತ್ತದೆ, ನಡೆಯುವಾಗ ವಾಲುತ್ತಾರೆ. ಅಕ್ಕನ ಮಗನಿಗೆ ಫ್ರಾಜೈಲ್ ಎಕ್ಸ್, ಅಂದರೆ ಮಗು ಕಲಿಕೆಯಲ್ಲಿ ಹಿಂದೆ ಬೀಳುವ, ವಂಶದಲ್ಲಿ ಬರುವ ತೊಂದರೆ. ಎರಡಕ್ಕೂ ಸಂಬಂಧ ಇದೆಯಾ ಅಂತ ಕೇಳಿದ್ದೀರಿ. ಇರಬಹುದು. ಧಾರವಾಡದ ನಮ್ಮ ಮನೆಯಲ್ಲಿ ಇತ್ತು. ಅದು ಗೊತ್ತಾಗಲು ನಾಲ್ಕು ವರ್ಷ ಹಿಡಿಯಿತು. ನಾನು ಡಾಕ್ಟರ್ ಅಲ್ಲ, ಮಗ ಅಷ್ಟೇ.

ನಮ್ಮಪ್ಪನಿಗೆ ಶುರುವಾಗಿದ್ದು ಚಹಾದ ಬಸಿಯಿಂದ. ಕೈ ತೊಡೆಯ ಮೇಲಿದ್ದರೆ ಸುಮ್ಮನಿರುತ್ತಿತ್ತು. ಬಸಿ ತುಟಿಯ ಹತ್ತಿರ ಬಂದ ಹಾಗೆ ನಡುಕ ಜಾಸ್ತಿಯಾಗಿ ಅಂಗಿಯೆಲ್ಲ ಚಹಾ. ಆಮೇಲೆ ಬ್ಯಾಂಕಿನಲ್ಲಿ ಸಹಿ ಹೊಂದಲಿಲ್ಲ. ಚಿಗರಿ ಬಸ್ಸಿನಲ್ಲಿ ಕಾಲು ಅಗಲ ಮಾಡಿ, ಕಂಬಿ ಬಿಡದೆ ನಿಲ್ಲುತ್ತಿದ್ದರು. ಒಂದು ಸಂಜೆ ಸಾಧನಕೇರಿಯಲ್ಲಿ ವಾಕಿಂಗ್ ಹೋದಾಗ ಹಿಂದೆ ಯಾರೋ "ಮಾಸ್ತರು ಕುಡ್ಯಾಕ ಹತ್ಯಾರೇನ?" ಅಂದದ್ದು ನನಗೆ ಕೇಳಿಸಿತು. ಒಂದು ಹನಿ ಮುಟ್ಟದ ಮನುಷ್ಯ. ಅಪ್ಪನಿಗೂ ಕೇಳಿಸಿರಬೇಕು, ಮರುದಿನದಿಂದ ವಾಕಿಂಗ್ ಬಿಟ್ಟರು.

ಮೊದಲು ತೋರಿಸಿದ ಡಾಕ್ಟರ್ ಪಾರ್ಕಿನ್‌ಸನ್ ಅಂದರು. ಗುಳಿಗೆಯಿಂದ ಹೇಳಿಕೊಳ್ಳುವಂಥ ಫರಕು ಆಗಲಿಲ್ಲ. ಪಾರ್ಕಿನ್‌ಸನ್ ನಡುಕ ಸಾಮಾನ್ಯವಾಗಿ ಕೈ ಸುಮ್ಮನಿದ್ದಾಗ ಕಾಣುತ್ತದೆ, ಅಪ್ಪನದು ಉಲ್ಟಾ. ಕೊನೆಗೆ ಹುಬ್ಬಳ್ಳಿಯ ಒಬ್ಬ ನರರೋಗ ತಜ್ಞರು ಒಂದೇ ಗೆರೆಯ ಮೇಲೆ ಹಿಮ್ಮಡಿಗೆ ಕಾಲ್ಬೆರಳು ತಾಗಿಸಿ ನಡೆಸಿದರು. ಅಪ್ಪನಿಗೆ ಮೂರು ಹೆಜ್ಜೆಯೂ ಆಗಲಿಲ್ಲ. ಆಗ ಅವರು ಕೇಳಿದರು: "ಮನೆತನದಲ್ಲಿ ಕಲಿಕೆಯಲ್ಲಿ ಹಿಂದೆ ಇರುವ ಮಗು ಯಾರಾದರೂ ಇದೆಯಾ?" ನಮ್ಮ ಮನೆಯಲ್ಲಿ ಅಜ್ಜನ ಫೈಲ್ ಬೇರೆ, ಮೊಮ್ಮಗನ ಫೈಲ್ ಬೇರೆ. ಎರಡನ್ನೂ ಒಟ್ಟಿಗೆ ಯಾರೂ ತೆರೆದಿರಲಿಲ್ಲ.

ಎಕ್ಸ್ ಕ್ರೋಮೋಸೋಮಿನ ಎಫ್‌ಎಂಆರ್1 ಎಂಬ ಜೀನಿನಲ್ಲಿ ಸಿಜಿಜಿ ಅನ್ನುವ ಮೂರಕ್ಷರ ಮತ್ತೆ ಮತ್ತೆ ಬರುತ್ತದೆ. 200 ದಾಟಿದರೆ ಜೀನ್ ಬಂದ್ ಆಗುತ್ತದೆ, ಅದು ಫ್ರಾಜೈಲ್ ಎಕ್ಸ್. 55ರಿಂದ 200ರೊಳಗೆ ಇದ್ದರೆ ಪ್ರೀಮ್ಯುಟೇಶನ್. ಅಲ್ಲಿ ಜೀನ್ ಬಂದ್ ಆಗುವುದಿಲ್ಲ, ಬದಲಿಗೆ ಆರ್‌ಎನ್‌ಎ ಎಂಬ ತನ್ನ ನಕಲನ್ನು ಅತಿಯಾಗಿ ತಯಾರಿಸುತ್ತದೆ. ಅದು ವರ್ಷಗಟ್ಟಲೆ ನರಕೋಶಗಳಿಗೆ ಹಾನಿ ಮಾಡಿ, 50 ದಾಟಿದ ಮೇಲೆ ಕೆಲವರಲ್ಲಿ ನಡುಕ, ತೂರಾಡುವ ನಡಿಗೆ, ಮರೆವು ತರುತ್ತದೆ. ಇದಕ್ಕೆ ಎಫ್‌ಎಕ್ಸ್‌ಟಾಸ್ ಅನ್ನುತ್ತಾರೆ. 50 ದಾಟಿದ ವಾಹಕ (ಅಂದರೆ ಪ್ರೀಮ್ಯುಟೇಶನ್ ಇರುವ) ಗಂಡಸರಲ್ಲಿ ಸುಮಾರು 40%, ಹೆಂಗಸರಲ್ಲಿ ಸುಮಾರು 16% ಮಂದಿಗೆ ಬರುತ್ತದೆ ಎಂಬ ಅಂದಾಜಿದೆ. ಅಮೆರಿಕದ ಹ್ಯಾಗರ್‌ಮನ್ ದಂಪತಿ ಮತ್ತು ಜೊತೆಗಾರರು ಇದನ್ನು ಮೊದಲು ವರದಿ ಮಾಡಿದ್ದು 2001ರಲ್ಲಿ. ಸುಳಿವು ಕೊಟ್ಟವರು ಯಾರು ಗೊತ್ತಾ? ಫ್ರಾಜೈಲ್ ಎಕ್ಸ್ ಮಕ್ಕಳ ತಾಯಂದಿರು. "ನಮ್ಮಪ್ಪನಿಗೂ ಕೈ ನಡುಗುತ್ತೆ" ಅನ್ನುತ್ತಿದ್ದರಂತೆ.

ರಕ್ತ ಪರೀಕ್ಷೆಯಲ್ಲಿ ಅಪ್ಪನ ಲೆಕ್ಕ 94 ಬಂತು. ಎಂಆರ್‌ಐಯಲ್ಲಿ ಕಿರುಮೆದುಳಿನ ತೊಟ್ಟಿನ ಹತ್ತಿರ ಬಿಳಿ ಕಲೆಗಳಿದ್ದವು.

ನಮ್ಮ ಅಕ್ಕನನ್ನು ಸೋದರಮಾವನಿಗೆ ಕೊಟ್ಟಿದ್ದಾರೆ. ಮಗುವಿಗೆ ಹೀಗಾಗಿದ್ದು ಅದಕ್ಕೇ ಅಂತ ಬಳಗದವರು ವರ್ಷಗಟ್ಟಲೆ ಚುಚ್ಚಿದರು. ಸುಳ್ಳು. ಗಂಡು ಮಗುವಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ, ಅದರಲ್ಲಿ ಮಾವನ ಪಾಲೇ ಇಲ್ಲ. ವಾಹಕ ತಂದೆ ಅದನ್ನು ಎಲ್ಲಾ ಹೆಣ್ಣುಮಕ್ಕಳಿಗೂ ಕೊಡುತ್ತಾನೆ, ಗಂಡುಮಕ್ಕಳಿಗೆ ಕೊಡುವುದೇ ಇಲ್ಲ. ತಾಯಿಯಿಂದ ದಾಟುವಾಗ ಲೆಕ್ಕ 200 ಮೀರಿ ಬೆಳೆಯಬಹುದು. ಅಂದರೆ ನಾನು ಪಾರಾದೆ, ಅಕ್ಕನಿಗೆ ಬಂತು. ಇದನ್ನು ಅವಳಿಗೆ ಹೇಳುವಾಗ ನನಗೆ ಮುಖ ಎತ್ತಲು ಆಗಲಿಲ್ಲ. ಅವಳಿಗೆ ಮಾತ್ರ ಹಗುರಾದಂತಿತ್ತು.

ಆದರೆ ನಿಮ್ಮ ಅಕ್ಕನಿಗೆ ಇದು ಅಮ್ಮನಿಂದಲೂ ಬಂದಿರಬಹುದು. ಹಾಗಿದ್ದರೆ ಅಪ್ಪನ ನಡುಕಕ್ಕೆ ಕಾರಣ ಬೇರೆ, ಮತ್ತು ನೀವೂ ಪರೀಕ್ಷೆ ಮಾಡಿಸಬೇಕು. ಅದಕ್ಕೇ ಅಪ್ಪನಿಗೆ ಎಫ್‌ಎಂಆರ್1 ಪರೀಕ್ಷೆ ಮಾಡಿಸಿ ಅನ್ನುವುದು.

ಪೂರ್ತಿ ವಾಸಿ ಮಾಡುವ ಮದ್ದು ಇಲ್ಲ. ನಡುಕಕ್ಕೆ ಗುಳಿಗೆ ಕೊಡುತ್ತಾರೆ, ನಮ್ಮಪ್ಪನಿಗೆ ಸ್ವಲ್ಪ ಗುಣ ಕಂಡಿದೆ. ನಿಜವಾಗಿ ಉಪಯೋಗಕ್ಕೆ ಬಂದಿದ್ದು ಫಿಸಿಯೋಥೆರಪಿ, ಬಚ್ಚಲಿಗೆ ಹಾಕಿಸಿದ ಹಿಡಿಕೆ, ಮತ್ತು ಬಸಿ ಬದಲು ಅರ್ಧ ತುಂಬಿದ ದಪ್ಪ ಸ್ಟೀಲ್ ಲೋಟ.

ಇನ್ನೊಂದು ಮಾತು, ನಿಮ್ಮ ಅಕ್ಕನಿಗೆ 40ಕ್ಕಿಂತ ಮೊದಲೇ ಮುಟ್ಟು ನಿಂತಿದೆಯಾ, ಏರುಪೇರಾಗಿದೆಯಾ ಕೇಳಿ. ವಾಹಕ ಹೆಂಗಸರಲ್ಲಿ ಸುಮಾರು 20% ಮಂದಿಗೆ ಅಂಡಾಶಯ ಬೇಗ ಸೋಲುತ್ತದೆ. ಅಪ್ಪನನ್ನು ತೋರಿಸಲು ಹೋಗುವಾಗ ಹುಡುಗನ ರಿಪೋರ್ಟನ್ನೂ ಅದೇ ಚೀಲಕ್ಕೆ ಹಾಕಿಕೊಳ್ಳಿ.