ಪ್ರತಿಕ್ರಿಯೆ: ಕಝ್‌ಮೈಯರ್ ಪಟ್ಟಿಯಲ್ಲಿ ಸಿಗದ ಹೆಸರು

ಅಮೆರಿಕದ ಕಾಲೇಜು ಐಸ್ ಹಾಕಿಯಲ್ಲಿ ವರ್ಷದ ಆಟಗಾರ್ತಿಯೆಂದು ಗೌರವ ಪಡೆದ ಒಬ್ಬರ ಹೆಸರು ಪ್ಯಾಟಿ ಕಝ್‌ಮೈಯರ್ ಪ್ರಶಸ್ತಿಯ ಪಟ್ಟಿಯಲ್ಲಿ ಏಕಿಲ್ಲವೆಂದು ಕೇಳಿದ್ದೀರಿ. ಆಕೆ ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎಯ ಮೂರನೆಯ ವಿಭಾಗದ ತಂಡಕ್ಕೆ ಆಡಿರುವುದೇ ಬಹುಶಃ ಕಾರಣ. ಕಾಲೇಜಿನ ಹೆಸರನ್ನು ನೀವು ಬರೆದಿಲ್ಲವಾದ್ದರಿಂದ ಇದು ಊಹೆ ಮಾತ್ರ.

ಮೊದಲು, ಆ ಕಾಲೇಜಿನ ಐಸ್ ಹಾಕಿ ತಂಡ ಎನ್‌ಸಿಎಎಯ ಯಾವ ವಿಭಾಗದಲ್ಲಿದೆಯೆಂದು ನೋಡಿ. ಕಾಲೇಜಿನ ವಿಭಾಗವನ್ನಷ್ಟೇ ನೋಡಿದರೆ ಸಾಲದು. ಕ್ಲಾರ್ಕ್‌ಸನ್ ವಿಶ್ವವಿದ್ಯಾಲಯ ಉಳಿದ ಆಟಗಳಲ್ಲಿ ಮೂರನೆಯ ವಿಭಾಗದಲ್ಲಿದ್ದರೂ ಐಸ್ ಹಾಕಿಯನ್ನು ಮೊದಲನೆಯದರಲ್ಲಿ ಆಡುತ್ತದೆ, ಅಲ್ಲಿನವರು ಕಝ್‌ಮೈಯರ್ ಪ್ರಶಸ್ತಿಯನ್ನೂ ಗೆದ್ದಿದ್ದಾರೆ.

1998ರಲ್ಲಿ ಆರಂಭವಾದ ಕಝ್‌ಮೈಯರ್ ಪ್ರಶಸ್ತಿ ಮೊದಲನೆಯ ವಿಭಾಗದವರಿಗೆ ಸಲ್ಲುವಂಥದ್ದು. ತಂಡ ಮೂರನೆಯ ವಿಭಾಗದ್ದಾಗಿದ್ದರೆ ಲಾರಾ ಹರ್ಡ್ ಪ್ರಶಸ್ತಿಯ ಪಟ್ಟಿಯನ್ನು ತೆರೆಯಿರಿ. ರಸ್ತೆ ಅಪಘಾತದಲ್ಲಿ ತೀರಿಕೊಂಡ ಎಲ್ಮೈರಾ ಕಾಲೇಜಿನ ಆಟಗಾರ್ತಿಯ ಹೆಸರನ್ನು ಅದಕ್ಕೆ 2007ರಲ್ಲಿ ಇಡಲಾಯಿತು. ಅದಕ್ಕೂ ಹಿಂದಿನ ವರ್ಷಗಳ ವರದಿಗಳಲ್ಲಿ ಅದು ತರಬೇತುದಾರರ ಸಂಘದ 'ವರ್ಷದ ಆಟಗಾರ್ತಿ' ಗೌರವವೆಂದೇ ಕಾಣುತ್ತದೆ.

ವರ್ಷ ಹುಡುಕುವಾಗ ಋತು ಮುಗಿಯುವ ವರ್ಷವನ್ನೇ ಹಿಡಿಯಿರಿ: ಹಾರ್ವರ್ಡ್‌ನ ಜೆನಿಫರ್ ಬಾಟರಿಲ್ 2002–03ರ ಆಟಕ್ಕೆ ಪಡೆದ ಎರಡನೆಯ ಕಝ್‌ಮೈಯರ್ ದಾಖಲಾಗಿರುವುದು 2003ರಲ್ಲಿ. ಎರಡೂ ಪಟ್ಟಿಗಳಲ್ಲಿ ಸಿಗದಿದ್ದರೆ ಕೆನಡಾದ ವಿಶ್ವವಿದ್ಯಾಲಯ ತಂಡಗಳ ಆಟಗಾರ್ತಿಯರಿಗಿರುವ ಬ್ರಾಡ್ರಿಕ್ ಟ್ರೋಫಿಯ ಪಟ್ಟಿಯನ್ನು ನೋಡಿ.