ದೋಸೆಯ ಕಾವು ಬೇರೆ, ಚೀಸಿನ ಕಾವು ಬೇರೆ

ಮಣಿಪಾಲದ ಕೆಫೆಯಲ್ಲಿ 240 ರೂಪಾಯಿ ಕೊಟ್ಟು ತಿಂದ ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್ ಮನೆಯಲ್ಲಿ ಮಾಡಲು ಹೋದಿರಿ, ಬ್ರೆಡ್ ಕರಟಿತು, ಒಳಗೆ ಚೀಸ್ ಕರಗಲೇ ಇಲ್ಲ. ಗ್ರಿಲ್ ಮಷಿನ್ ತಗೊಳ್ಳಬೇಕಾ, ಫಾರಿನ್ ಚೀಸ್ ಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ ಮಾರಾಯ್ರೇ. ನೀರುದೋಸೆ ಹೊಯ್ಯುವ ಕಾವಲಿ ಮನೆಯಲ್ಲಿ ಇದೆಯಲ್ವಾ, ಅದೇ ಸಾಕು.

ನೀವು ಹಾಕಿದ ಫೋಟೋ ನೋಡಿದೆ. ತಪ್ಪಾಗಿರುವುದು ಉರಿಯಲ್ಲಿ. ನಮಗೆಲ್ಲ ಕಾವಲಿ ಒಲೆ ಮೇಲಿಟ್ಟ ಕೂಡಲೇ ದೋಸೆಯ ಕಾವು ಬರಿಸುವ ಅಭ್ಯಾಸ. ನೀರು ಚಿಮುಕಿಸಿದರೆ ಚುಂಯ್ ಅಂತ ಒಂದೇ ಕ್ಷಣಕ್ಕೆ ಆರಬೇಕು. ಸ್ಯಾಂಡ್‌ವಿಚ್‌ಗೆ ಅಷ್ಟು ಕಾವು ತುಂಬಾ ಜಾಸ್ತಿ. ಚೀಸ್ ಮೆತ್ತಗಾಗಲು 60 ಡಿಗ್ರಿ ಆಸುಪಾಸು ಸಾಕು, ಆದರೆ ಆ ಬಿಸಿ ಬ್ರೆಡ್ ದಾಟಿ ಒಳಗೆ ಹೋಗಲು ಸಮಯ ಬೇಕು. ಬ್ರೆಡ್ ಮೈ ಮಾತ್ರ 150 ಡಿಗ್ರಿ ದಾಟಿದರೆ ಬೇಗ ಬೇಗ ಕೆಂಪಾಗುತ್ತದೆ. ಹಾಗಾಗಿ ಉರಿ ಪೂರ್ತಿ ಸಣ್ಣ ಮಾಡಿ. ನೀರಿನ ಹನಿ ಬಿದ್ದರೆ ಮೆಲ್ಲಗೆ ಗುಳ್ಳೆ ಎದ್ದು ಆರಬೇಕು, ಕುಣಿಯಬಾರದು.

ಬ್ರೆಡ್ ಇಟ್ಟ ಮೇಲೆ ಮುಚ್ಚಳ ಮುಚ್ಚಿ. ನನ್ನ ದಪ್ಪ ಕಬ್ಬಿಣದ ಕಾವಲಿಯಲ್ಲಿ ಮೊದಲ ಬದಿಗೆ 4 ನಿಮಿಷ, ಮಗುಚಿದ ಮೇಲೆ 3 ನಿಮಿಷ ಹಿಡಿಯುತ್ತದೆ. ಕೊನೆಗೆ ಮುಚ್ಚಳ ತೆಗೆದು ಎರಡೂ ಬದಿ ಅರ್ಧರ್ಧ ನಿಮಿಷ ಬಿಡಿ. ಇಲ್ಲದಿದ್ದರೆ ಒಳಗಿನ ಹಬೆಗೆ ಗರಿಗರಿಯಾದ ಬ್ರೆಡ್ ಪುನಃ ಮೆತ್ತಗಾಗುತ್ತದೆ. ಸಟ್ಟುಗದಲ್ಲಿ ಒತ್ತಿ ಒತ್ತಿ ಚಪ್ಪಟೆ ಮಾಡಬೇಡಿ. ಅಂಚಿನಲ್ಲಿ ಚೀಸ್ ಸ್ವಲ್ಪ ಇಳಿದು ಕಾವಲಿಗೆ ತಾಗಿ, ಹೆಂಚಿನ ಬಣ್ಣದ ಗರಿ ಬಲೆಯ ಹಾಗೆ ಆದರೆ ಒಳಗೆ ಎಲ್ಲಾ ಕರಗಿದೆ ಅಂತ ಲೆಕ್ಕ. ಆ ಗರಿಯನ್ನು ಕೆರೆದು ಬಿಸಾಡಬೇಡಿ, ಅದೇ ರುಚಿ.

ಇನ್ನು ಖರ್ಚಿನ ವಿಷಯ. ನನ್ನ ಲೆಕ್ಕದಲ್ಲಿ ದುಡ್ಡು ಹಾಕಬೇಕಾದ್ದು ಚೀಸಿಗೆ ಮಾತ್ರ. ಒಂದು ಸ್ಯಾಂಡ್‌ವಿಚ್‌ಗೆ 50 ಗ್ರಾಂ ಬೇಕು, ಅಂದರೆ ಅಮುಲ್ ಕ್ಯೂಬ್ ಆದರೆ ಎರಡು. ಮನೆಮಂದಿಗೆಲ್ಲ ಮಾಡುವುದಾದರೆ ದೊಡ್ಡ ಬ್ಲಾಕ್ ತಗೊಳ್ಳಿ, ಗ್ರಾಂ ಲೆಕ್ಕದಲ್ಲಿ ಅದೇ ಕಡಿಮೆಗೆ ಬೀಳುತ್ತದೆ. ಪ್ರೊಸೆಸ್ಡ್ ಚೀಸ್ ಅಂದರೆ ಕೆಲವರಿಗೆ ಸಸಾರ. ಆದರೆ ಕರಗುವ ವಿಷಯದಲ್ಲಿ ಅದನ್ನು ಮೀರಿಸಲು ಕಷ್ಟ. ಅದರಲ್ಲಿ ಎಮಲ್ಸಿಫೈಯಿಂಗ್ ಸಾಲ್ಟ್ ಇರುವುದರಿಂದ ಕೊಬ್ಬು ಮತ್ತು ನೀರು ಬೇರೆಯಾಗದೆ ನುಣ್ಣಗೆ ಕರಗುತ್ತದೆ. ಎಳೆ ಎಳೆಯಾಗಿ ಬರಬೇಕಾದರೆ ಮೂರು ಪಾಲು ಪ್ರೊಸೆಸ್ಡ್‌ಗೆ ಒಂದು ಪಾಲು ಮೊಝರೆಲ್ಲಾ ಸೇರಿಸಿ. ತುಂಡು ಮಾಡಿ ಇಡಬೇಡಿ, ತುರಿಯಿರಿ. ತುರಿದದ್ದು ಅರ್ಧ ಹೊತ್ತಿನಲ್ಲಿ ಕರಗುತ್ತದೆ. ಪನೀರ್ ತುರಿದು ಹಾಕಬಹುದಾ ಅಂತ ಕೆಳಗೆ ಒಬ್ಬರು ಕೇಳಿದ್ದಾರೆ. ಪನೀರ್ ಹುಳಿ ಹಿಂಡಿ ಒಡೆಸಿದ್ದು, ಎಷ್ಟು ಕಾಯಿಸಿದರೂ ಕರಗುವುದಿಲ್ಲ.

ಒಂದು ಸಲ ನಾನು ಕಡಿಮೆ ಬೆಲೆಗೆ ಸಿಕ್ಕಿತು ಅಂತ ಪಿಜ್ಜಾಕ್ಕೆ ಹಾಕುವ ಒಂದು ಪ್ಯಾಕೆಟ್ ತಂದಿದ್ದೆ. ಕಾವಲಿ ತುಂಬಾ ಎಣ್ಣೆ ಇಳಿಯಿತು, ತಿಂದರೆ ಅಂಗುಳಿಗೆ ಮೇಣ ಮೆತ್ತಿದ ಹಾಗೆ. ಪ್ಯಾಕೆಟ್‌ನ ಹಿಂಬದಿ ಓದಿದರೆ ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಹಾಕಿದ್ದು. ಕೊಳ್ಳುವ ಮೊದಲು ಪ್ಯಾಕೆಟ್ ತಿರುಗಿಸಿ ಓದಿ.

ಬ್ರೆಡ್‌ಗೆ ಹೆಚ್ಚು ತಲೆಕೆಡಿಸಿಕೊಳ್ಳುವುದು ಬೇಡ. ನಿಮ್ಮ ಹತ್ತಿರದ ಬೇಕರಿಯಲ್ಲಿ ಕತ್ತರಿಸದ ಬ್ರೆಡ್ ಕೇಳಿ, ಅರ್ಧ ಇಂಚು ದಪ್ಪಕ್ಕೆ ನೀವೇ ಕತ್ತರಿಸಿ. ಸಿಹಿ ಬ್ರೆಡ್ ಬೇಡ, ಸಕ್ಕರೆಗೆ ಬೇಗ ಕರಟುತ್ತದೆ. ನಿನ್ನೆಯ ಬ್ರೆಡ್ ಇವತ್ತಿನದಕ್ಕಿಂತ ಒಳ್ಳೆಯದು. ಹೊರಗಿನ ಬದಿಗೆ ಬೆಣ್ಣೆ, ಅದಕ್ಕೆ ಕಾಲು ಚಮಚ ತುಪ್ಪ ಕಲಸಿ ತೆಳುವಾಗಿ ಅಂಚಿನವರೆಗೆ ಸವರಿ. ಬೆಣ್ಣೆಯಿಂದ ಬಣ್ಣ ಬರುತ್ತದೆ, ತುಪ್ಪದಲ್ಲಿ ನೀರಿಲ್ಲದ್ದರಿಂದ ಗರಿ ಬರುತ್ತದೆ.

ಈಗ ಕೆಫೆಯ ರುಚಿ. ಅಲ್ಲಿ ಏನೋ ಸಿಹಿ ಖಾರದ್ದು ಹಾಕಿದ್ದರು ಅಂದಿರಲ್ಲ, ಚೀಸಿನ ಜಿಡ್ಡಿಗೆ ಅಂಥದ್ದು ಬೇಕೇ ಬೇಕು. ಅದಕ್ಕೆ ನಮ್ಮ ಅನಾನಸ್ ಮೆಣಸ್ಕಾಯಿಗಿಂತ (ಸಿಹಿ, ಹುಳಿ, ಖಾರ ಸೇರಿದ ಗೊಜ್ಜು) ಒಳ್ಳೆಯದು ನನಗೆ ಇನ್ನೂ ಸಿಕ್ಕಿಲ್ಲ. ಸ್ಯಾಂಡ್‌ವಿಚ್‌ಗೆ ಮಾಡುವಾಗ ತೆಂಗಿನಕಾಯಿ ಬಿಡಿ, ಕಾಯಿ ಹಾಕಿದರೆ ನೀರಾಗುತ್ತದೆ, ಬೇಗ ಹಾಳಾಗುತ್ತದೆ. ಅರ್ಧ ಅನಾನಸ್ ಸಣ್ಣಗೆ ಹೆಚ್ಚಿ, ಉಪ್ಪು, ಬೆಲ್ಲ, ಸ್ವಲ್ಪ ಹುಣಸೆರಸ ಹಾಕಿ ಬೇಯಿಸಿ. ನಾಲ್ಕು ಬ್ಯಾಡಗಿ ಮೆಣಸು, ಒಂದು ಚಮಚ ಉದ್ದಿನಬೇಳೆ, ಎರಡು ಚಮಚ ಎಳ್ಳು, ನಾಲ್ಕೇ ನಾಲ್ಕು ಕಾಳು ಮೆಂತೆ ಹುರಿದು ಪುಡಿ ಮಾಡಿ ಸೇರಿಸಿ. ಚಮಚ ಎಳೆದರೆ ಬಾಣಲೆಯ ತಳ ಕಂಡು, ದಾರಿ ಮುಚ್ಚದೆ ನಿಲ್ಲುವಷ್ಟು ಗಟ್ಟಿ ಆಗಲಿ. ಒಂದು ಸ್ಯಾಂಡ್‌ವಿಚ್‌ಗೆ ಒಂದು ದೊಡ್ಡ ಚಮಚ ಸಾಕು. ಅದನ್ನು ಬ್ರೆಡ್‌ಗೆ ನೇರ ಹಚ್ಚಬೇಡಿ. ಕೆಳಗೆ ಚೀಸ್, ಮಧ್ಯ ಮೆಣಸ್ಕಾಯಿ, ಮೇಲೆ ಪುನಃ ಚೀಸ್. ಆಗ ಬ್ರೆಡ್ ಒದ್ದೆಯಾಗುವುದಿಲ್ಲ, ಎರಡು ಸ್ಲೈಸೂ ಅಂಟಿಕೊಂಡು ನಿಲ್ಲುತ್ತವೆ.

ಅನಾನಸ್ ಇಲ್ಲದ ದಿನ ಮೂರು ನೀರುಳ್ಳಿ ತೆಳುವಾಗಿ ಹೆಚ್ಚಿ, ಚಿಟಿಕೆ ಉಪ್ಪು ಹಾಕಿ, ಸಣ್ಣ ಉರಿಯಲ್ಲಿ 40 ನಿಮಿಷ ಬಾಡಿಸಿ. ಬೆಲ್ಲದ ಬಣ್ಣ ಬರುತ್ತದೆ. ಮೇಲೆ ಜಜ್ಜಿದ ಒಳ್ಳೆಮೆಣಸು (ಕಾಳುಮೆಣಸು). ಘೀ ರೋಸ್ಟ್ (ದೋಸೆಯಲ್ಲ, ತುಪ್ಪದಲ್ಲಿ ಹುರಿದ ಖಾರ ಮಸಾಲೆಯ ಅಡುಗೆ) ಮಾಡಿದ ಮನೆಯಲ್ಲಿ ಮಸಾಲೆ ಉಳಿದಿದ್ದರೆ ಅದನ್ನೂ ಅರ್ಧ ಚಮಚ ಹಾಕಿ ನೋಡಿ. ಅಮೆರಿಕದಲ್ಲಿ ಈ ಸ್ಯಾಂಡ್‌ವಿಚ್‌ಗೆ ಟೊಮೆಟೊ ಸೂಪ್ ಜೊತೆ. ನಾವು ಬೇಳೆ ಹಾಕದ ಬಿಸಿ ಟೊಮೆಟೊ ಸಾರು ಲೋಟದಲ್ಲಿ ಕೊಡುತ್ತೇವೆ, ಮಕ್ಕಳು ಅದ್ದಿ ಅದ್ದಿ ತಿನ್ನುತ್ತಾರೆ. ಎಲ್ಲಾ ಸೇರಿ ಒಂದಕ್ಕೆ 50 ರೂಪಾಯಿ ಆಸುಪಾಸು ಬೀಳುತ್ತದೆ.

ಮಳೆಗಾಲದಲ್ಲಿ ನಮ್ಮಲ್ಲಿ ಬ್ರೆಡ್ ಮೂರನೇ ದಿನಕ್ಕೆ ಬೂಸು ಹಿಡಿಯುತ್ತದೆ. ಫ್ರಿಜ್‌ನ ಕೆಳಗಿನ ಭಾಗದಲ್ಲಿ ಇಡಬೇಡಿ, ಒಣಕಲಾಗುತ್ತದೆ. ಸ್ಲೈಸ್ ಮಾಡಿ ಫ್ರೀಜರ್‌ನಲ್ಲಿಟ್ಟು ಬೇಕಾದಷ್ಟೇ ತೆಗೆಯಿರಿ. ಕಾವಲಿಯಿಂದ ಇಳಿಸಿದ ಸ್ಯಾಂಡ್‌ವಿಚ್ ಒಂದು ನಿಮಿಷ ಬಿಟ್ಟು ಕತ್ತರಿಸಿ, ಇಲ್ಲದಿದ್ದರೆ ಚೀಸ್ ಎಲ್ಲಾ ತಟ್ಟೆಗೆ ಹರಿಯುತ್ತದೆ.

ನಿಮ್ಮ ಕಾವಲಿ ತೆಳುವಾದದ್ದಾ, ನಾನ್‌ಸ್ಟಿಕ್ಕಾ ಅಂತ ಹೇಳಿ. ತೆಳುವಾದದ್ದಾದರೆ ನಿಮಿಷದ ಲೆಕ್ಕ ಸ್ವಲ್ಪ ಬದಲಾಗುತ್ತದೆ, ನೋಡಿ ತಿಳಿಸುತ್ತೇನೆ.