ಕುಸ್ವಾರ್ ಮಾಡಿ, ಆದರೆ ಕೂತುಕೊಂಡು

ಬೆಂಗಳೂರಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು. ಇದು ಅವರ ಮೊದಲ ಬಸಿರು. ಕ್ರಿಸ್ಮಸ್ ಹೊತ್ತಿಗೆ 28 ವಾರ ತುಂಬುತ್ತದೆ. ಗಂಡನ ಮನೆ ಮೂಡುಬಿದಿರೆಯ ಹತ್ತಿರ. ಹಬ್ಬಕ್ಕೆ ಎಲ್ಲರೂ ಅಲ್ಲೇ ಸೇರುತ್ತಾರೆ. ಸಕ್ಕರೆ ಸ್ವಲ್ಪ ಮೇಲಿದೆ, ಬಾಯಿ ಕಟ್ಟಿ ಎಂದು ಡಾಕ್ಟರ್ ಹೇಳಿದ್ದಾರೆ. “ಕಳೆದ ವರ್ಷ ರೋಸ್ ಕುಕೀಸ್ ಪೂರ್ತಿ ನಾನೇ ಕರಿದಿದ್ದೆ. ಈ ಸಲ ಸುಮ್ನೆ ಕೂತರೆ ಏನಂದುಕೊಳ್ಳುತ್ತಾರೋ. ಹೋಗದಿದ್ದರೆ ಇನ್ನೂ ಕಷ್ಟ. ಕೇಕು, ವೈನು, ರಾತ್ರಿಯ ಪೂಜೆ, ಬರುವ ಹೋಗುವ ನೆಂಟರು... ನನಗೆ ಬೇಕಿರುವುದು ನಾಲ್ಕು ದಿನ ನೆಮ್ಮದಿ. ಅದು ಹೇಗೆ?” ಎಂದು ಕೇಳಿದ್ದಾರೆ. ಕೊನೆಗೆ ನಕ್ಷತ್ರದ ಬಗ್ಗೆ ಒಂದು ಪ್ರಶ್ನೆಯಿದೆ. ಅದಕ್ಕೆ ಕೊನೆಯಲ್ಲೇ ಬರುತ್ತೇನೆ.

ಪ್ರಿಯ ತಂಗಿ,

ನಿಮ್ಮ ಪತ್ರದಲ್ಲಿ ಅತ್ತೆ ಇದ್ದಾರೆ, ನಾದಿನಿ ಇದ್ದಾರೆ, ಪಕ್ಕದ ಮನೆಯವರೂ ಇದ್ದಾರೆ. ಗಂಡ ಮಾತ್ರ ಒಂದೇ ಸಾಲಿನಲ್ಲಿ ಬಂದು ಹೋಗುತ್ತಾರೆ, “ಅವರೇ ಟಿಕೆಟ್ ಮಾಡಿಸುತ್ತಾರೆ” ಅಂತ. ನನಗೆ ಕಂಡ ಮುಖ್ಯ ತೊಂದರೆ ಇದೇ. ಹಬ್ಬದ ಮನೆಯಲ್ಲಿ ಸೊಸೆ ತಾನಾಗಿ “ನನಗೆ ಆಗೋದಿಲ್ಲ” ಎಂದರೆ ಅದು ನೆಪದಂತೆ ಕೇಳಿಸುತ್ತದೆ. ಅದನ್ನೇ ಮಗ ಹೋಗುವ ಮುಂಚೆ ಅಮ್ಮನಿಗೆ ಫೋನ್ ಮಾಡಿ, “ಡಾಕ್ಟರ್ ಹೆಚ್ಚು ಹೊತ್ತು ನಿಲ್ಲಬೇಡಿ ಅಂದಿದ್ದಾರೆ. ಮಧ್ಯಾಹ್ನ ಎರಡು ಗಂಟೆ ಮಲಗುತ್ತಾಳೆ. ಒಲೆ ಕೆಲಸ ಈ ಸಲ ನಾನು ನೋಡ್ಕೋತೀನಿ” ಎಂದರೆ ಆ ಮಾತು ಅಲ್ಲಿಗೆ ಮುಗಿಯುತ್ತದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಹೇಳುವುದಲ್ಲ, ಒಂದು ವಾರ ಮುಂಚೆಯೇ ಹೇಳಬೇಕು. ಯಾರಿಗೆ ಯಾವ ಕೆಲಸ ಎಂದು ಅತ್ತೆ ಮನಸ್ಸಿನಲ್ಲೇ ಹಂಚಿಕೊಳ್ಳುವ ಮೊದಲು. ಈ ಫೋನ್ ನೀವು ಮಾಡಬೇಡಿ, ಅವರಿಂದಲೇ ಮಾಡಿಸಿ.

ಇನ್ನು ಕುಸ್ವಾರ್, ಅಂದರೆ ಕ್ರಿಸ್ಮಸ್‌ಗೆ ಮಾಡುವ ತಿಂಡಿಗಳು. ಪೂರ್ತಿ ಬಿಟ್ಟು ಕೋಣೆ ಸೇರಿದರೆ ನಿಮಗೇ ಬೇಜಾರಾಗುತ್ತದೆ, ಅಲ್ವಾ? ಕೆಲಸ ಬಿಡಬೇಡಿ, ಬದಲಾಯಿಸಿಕೊಳ್ಳಿ. ರೋಸ್ ಕುಕೀಸ್ ಅಂದರೆ ಕುದಿಯುವ ಎಣ್ಣೆಯ ಮುಂದೆ ನಿಂತೇ ಮಾಡುವ ಕೆಲಸ. ಅಚ್ಚು ಎಣ್ಣೆಯಲ್ಲಿ ಕಾಯಬೇಕು, ಹಿಟ್ಟಿಗೆ ಅದ್ದಬೇಕು, ಮತ್ತೆ ಎಣ್ಣೆಗೆ ಇಳಿಸಿ ಹೂ ಬಿಟ್ಟುಕೊಳ್ಳುವ ತನಕ ಅಲ್ಲಾಡಿಸುತ್ತಿರಬೇಕು. ಬಿಸಿ, ಹೊಗೆ, ಸೊಂಟನೋವು ಮೂರೂ ಒಟ್ಟಿಗೆ. ಬಸಿರಿನಲ್ಲಿ ತುಂಬಾ ಹೊತ್ತು ನಿಂತರೆ ರಕ್ತ ಕಾಲಲ್ಲೇ ನಿಂತು ತಲೆ ಸುತ್ತುವುದುಂಟು. ಆ ಅಚ್ಚನ್ನು ಈ ವರ್ಷ ನಿಮ್ಮ ಗಂಡನ ಕೈಗೆ ಕೊಡಿ. ಮೊದಲ ಹತ್ತು ಹೂ ಮುರಿಯುತ್ತವೆ, ಮುರಿಯಲಿ. ನೀವು ಕಿಡಿಯೊ ಮಾಡಿ. ಬೆನ್ನಿಗೆ ಆಸರೆ ಇರುವ ಕುರ್ಚಿ, ಕಾಲಿಗೆ ಒಂದು ಮಣೆ, ಮುಂದೆ ಮೇಜು. ಸಣ್ಣ ಹಿಟ್ಟಿನ ಉಂಡೆಯನ್ನು ಫೋರ್ಕಿನ ಬೆನ್ನ ಮೇಲೆ ಹೆಬ್ಬೆರಳಿನಿಂದ ಒತ್ತಿ ಸುರುಳಿ ತೆಗೆದರೆ ಗೆರೆ ಗೆರೆಯ ಕಿಡಿಯೊ ಆಯಿತು. ನೆವ್ರಿಗೆ ಎಳ್ಳು, ಸಕ್ಕರೆ, ಗೋಡಂಬಿಯ ಹೂರಣ ತುಂಬಿ ಅಂಚು ಒತ್ತುವುದೂ ಕೂತು ಮಾಡುವ ಕೆಲಸವೇ. ಮನೆಯ ಸುದ್ದಿಯೆಲ್ಲ ಹೊರಬೀಳುವುದೂ ಆ ಮೇಜಿನ ಸುತ್ತಲೇ. ಮುಕ್ಕಾಲು ಗಂಟೆಗೊಮ್ಮೆ ಎದ್ದು ಅಂಗಳಕ್ಕೆ ಒಂದು ಸುತ್ತು ಹಾಕಿ ಬನ್ನಿ. ಒಂದೇ ಸಮನೆ ಕೂರುವುದೂ ಒಳ್ಳೆಯದಲ್ಲ.

ಈಗ ಸಕ್ಕರೆಯ ವಿಷಯ. ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ತೆಗೆಯುವ ಪರೀಕ್ಷೆ ನಿಮಗೂ ಆಗಿರುತ್ತದೆ. ಅದರಲ್ಲಿ 140 ಅಥವಾ ಮೇಲೆ ಬಂದರೆ ಅದನ್ನು ಬಸಿರಿನ ಸಕ್ಕರೆ ಕಾಯಿಲೆ ಎಂದೇ ಲೆಕ್ಕ ಹಿಡಿಯುತ್ತಾರೆ. “ಸ್ವಲ್ಪ ಮೇಲೆ” ಎಂಬ ಮಾತಿಗೆ ನೆಚ್ಚಿಕೊಳ್ಳಬೇಡಿ. ನಿಮ್ಮ ಸಂಖ್ಯೆ ಎಷ್ಟು ಎಂದು ಕೇಳಿ ಬರೆದಿಟ್ಟುಕೊಳ್ಳಿ. ಊಟವಾಗಿ ಎರಡು ಗಂಟೆಯ ನಂತರ ಸಕ್ಕರೆ 120ರ ಒಳಗಿರಬೇಕು ಎಂಬುದು ನಮ್ಮಲ್ಲಿ ಇಟ್ಟುಕೊಂಡಿರುವ ಗುರಿ. ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಮೀಟರ್ ಇದ್ದರೆ ಊರಿಗೂ ಒಯ್ಯಿರಿ.

ಹಾಗಂತ ತಟ್ಟೆ ಬಂದಾಗಲೆಲ್ಲ ಮುಖ ತಿರುಗಿಸಬೇಕಾಗಿಲ್ಲ. ಕುಸ್ವಾರ್ ತಿನ್ನುವ ಹೊತ್ತು ಮತ್ತು ಲೆಕ್ಕ ಮುಖ್ಯ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಚಹಾ ಜೊತೆ ನಾಲ್ಕು ಗುಳಿಯೊ ಬಾಯಿಗೆ ಹಾಕಿಕೊಂಡರೆ ಸಕ್ಕರೆ ಏರುವುದು ಬೇಗ. ತರಕಾರಿ, ಮೀನು, ಮೊಟ್ಟೆ ಇರುವ ಊಟದ ಕೊನೆಗೆ ಒಂದು ತುಂಡು ತಿಂದು, ಹದಿನೈದು ನಿಮಿಷ ನಿಧಾನವಾಗಿ ನಡೆದರೆ ಅಷ್ಟು ಏರುವುದಿಲ್ಲ. ಇಷ್ಟವಾದದ್ದು ಒಂದನ್ನು ಆರಿಸಿಕೊಳ್ಳಿ, ಉಳಿದದ್ದಕ್ಕೆ “ಆಮೇಲೆ” ಎನ್ನಿ. ಒಂದು ತುಂಡಿಗಾದರೂ ನಿಮ್ಮ ಡಾಕ್ಟರ ಒಪ್ಪಿಗೆ ಇರಲಿ. ಇನ್ಸುಲಿನ್ ಶುರುವಾಗಿದ್ದರೆ ಲೆಕ್ಕವೇ ಬೇರೆ. “ಇಬ್ಬರ ಊಟ ಮಾಡಬೇಕು” ಎಂದು ದೊಡ್ಡವರು ಬಡಿಸುತ್ತಲೇ ಇರುತ್ತಾರೆ. ಪ್ರೀತಿಯಿಂದಲೇ ಹೇಳುವುದು. ಆದರೆ ಏಳನೇ ತಿಂಗಳಲ್ಲಿ ಮಗುವಿಗೆ ಬೇಕಾಗಿರುವುದು ಇನ್ನೊಂದು ತಟ್ಟೆ ಅನ್ನವಲ್ಲ. ಕಬ್ಬಿಣ, ಕ್ಯಾಲ್ಸಿಯಂ, ಪ್ರೋಟೀನ್ ಬೇಕು.

ಹಬ್ಬದ ಗಡಿಬಿಡಿಯಲ್ಲಿ ಮೊದಲು ತಪ್ಪುವುದು ಈ ಮಾತ್ರೆಗಳೇ. ಕಬ್ಬಿಣದ್ದನ್ನೂ ಕ್ಯಾಲ್ಸಿಯಂದನ್ನೂ ಒಟ್ಟಿಗೆ ನುಂಗಬೇಡಿ, ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಕಬ್ಬಿಣದ ಮಾತ್ರೆಯ ಹಿಂದೆಮುಂದೆ ಚಹಾ, ಕಾಫಿಯೂ ಬೇಡ. ನೆಂಟರ ಜೊತೆ ಚಹಾ ಕುಡಿಯುತ್ತಲೇ ಇರುವ ದಿನಗಳಲ್ಲಿ ಇದು ಮರೆತೇ ಹೋಗುತ್ತದೆ. ಫೋನಿನಲ್ಲಿ ಅಲಾರಂ ಇಡಿ.

ವೈನ್ ಬೇಡ. ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನ್, ಒಂದು ಸಣ್ಣ ಗ್ಲಾಸ್, “ಏನೂ ಆಗೋದಿಲ್ಲ” ಎನ್ನುತ್ತಾರೆ. ಬಸಿರಿನಲ್ಲಿ ಇಷ್ಟು ಕುಡಿದರೆ ತೊಂದರೆಯಿಲ್ಲ ಎಂದು ಹೇಳಬಹುದಾದ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನೆಯ ವೈನಿನಲ್ಲಿ ಆಲ್ಕೋಹಾಲ್ ಎಷ್ಟಿದೆ ಎಂದು ಮಾಡಿದವರಿಗೂ ಗೊತ್ತಿರುವುದಿಲ್ಲ. ಟೋಸ್ಟ್ ಹೊತ್ತಿಗೆ ನಿಂಬೆ ಸೋಡಾ ಹಿಡಿದುಕೊಳ್ಳಿ, ಸಕ್ಕರೆ ಹಾಕದೆ. ಪ್ಲಮ್ ಕೇಕ್ ವಿಷಯದಲ್ಲಿ ಹೇಳುವುದಾದರೆ, ಬೇಯಿಸಿದರೆ ರಮ್ಮಿನ ಆಲ್ಕೋಹಾಲ್ ಪೂರ್ತಿ ಹಾರಿಹೋಗುತ್ತದೆ ಎಂಬುದು ನಿಜವಲ್ಲ, ಸ್ವಲ್ಪ ಉಳಿಯುತ್ತದೆ. ಬೇಯಿಸಿದ ಮೇಲೆ ಮತ್ತೆ ರಮ್ ಚಿಮುಕಿಸಿಟ್ಟ ಕೇಕ್ ಮುಟ್ಟಬೇಡಿ. ನಿಮ್ಮ ಮನೆಯಲ್ಲೇ ಮಾಡುವುದಾದರೆ ಒಣಹಣ್ಣನ್ನು ಕಿತ್ತಳೆ ರಸದಲ್ಲಿ ನೆನೆಸಿ ಒಂದು ಕೇಕ್ ಬೇರೆಯಾಗಿ ಮಾಡಿಸಿ. ಮಕ್ಕಳಿಗೂ ಆಯಿತು.

ಪೋರ್ಕ್ ಬಫಾತ್ (ಹಂದಿಮಾಂಸದ ಮಸಾಲೆ ಪದಾರ್ಥ), ಸಾನ್ನಾಂ (ಇಡ್ಲಿಯಂಥದ್ದು) ತಿನ್ನಿ. ಮಾಂಸ ಒಳಗೂ ಚೆನ್ನಾಗಿ ಬೆಂದಿರಬೇಕು, ಅಷ್ಟೇ. ಬಫಾತ್ ಮರುದಿನ ಇನ್ನೂ ರುಚಿ ಎನ್ನುವವರು ಬಹಳ (ನಾನೂ ಅವರಲ್ಲಿ ಒಬ್ಬಳು). ಆದರೆ ರಾತ್ರಿಯಿಡೀ ಹೊರಗಿಟ್ಟದ್ದು ಬೇಡ. ಫ್ರಿಜ್‌ನಲ್ಲಿಟ್ಟು, ಮರುದಿನ ಕುದಿಬರುವಂತೆ ಬಿಸಿ ಮಾಡಿದ್ದು ಸರಿ. ಸೊರ್ಪೊತೆಲ್ ಬಂದರೆ ಬಿಟ್ಟುಬಿಡಿ, ಅದರಲ್ಲಿ ಲಿವರ್ ಇರುತ್ತದೆ. ಲಿವರಿನಲ್ಲಿ ವಿಟಮಿನ್ ಎ ಬಹಳ, ಜಾಸ್ತಿಯಾದರೆ ಮಗುವಿಗೆ ಒಳ್ಳೆಯದಲ್ಲ.

ಪೂಜೆಗೆ ಹೋಗುವ ಆಸೆ ಇದ್ದೇ ಇದೆ ಎಂದು ಬರೆದಿದ್ದೀರಿ. 24ರ ರಾತ್ರಿಯೇ ಹೋಗಬೇಕೆಂದಿಲ್ಲ, 25ರ ಬೆಳಗ್ಗೆಯೂ ಪೂಜೆ ಇರುತ್ತದೆ. ರಾತ್ರಿಯೇ ಹೋಗುವುದಾದರೆ ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡಿ ಹೋಗಿ. ಇಗರ್ಜಿಯಲ್ಲಿ (ಚರ್ಚಿನಲ್ಲಿ) ಅಂಚಿನ ಸೀಟು ಹಿಡಿಯಿರಿ, ಏಳಬೇಕಾದಾಗ ಏಳಬಹುದು. ಎಲ್ಲರೂ ನಿಂತಾಗ, ಮೊಣಕಾಲೂರಿದಾಗ ನೀವು ಕೂತಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ಪರಮಪ್ರಸಾದಕ್ಕೆ ಮುಂಚಿನ ಉಪವಾಸ ಒಂದೇ ಗಂಟೆಯದು. ನೀರು, ಔಷಧಿಗೆ ಅದರಲ್ಲೂ ಅಡ್ಡಿಯಿಲ್ಲ. ಆದ್ದರಿಂದ ಸಂಜೆಯಿಡೀ ಹಸಿದಿರಬೇಡಿ, ಹೊರಡುವ ಮೊದಲು ಲಘುವಾಗಿ ಊಟ ಮಾಡಿ. ಪೂಜೆ ಮುಗಿಸಿ ಬಂದು ನಡುರಾತ್ರಿ ಖಾರದ ಊಟ ಮಾಡಿ ತಕ್ಷಣ ಮಲಗಿದರೆ ಎದೆಯುರಿ ಗ್ಯಾರಂಟಿ. 28 ವಾರದ ಮೇಲೆ ಮಲಗುವಾಗ ಪಕ್ಕಕ್ಕೆ ಮಲಗುವುದನ್ನು ರೂಢಿ ಮಾಡಿಕೊಳ್ಳಿ. ಅಂಗಾತ ಮಲಗಿದರೆ ದೊಡ್ಡ ರಕ್ತನಾಳದ ಮೇಲೆ ಹೊಟ್ಟೆಯ ಭಾರ ಬೀಳುತ್ತದೆ. ನಿಮ್ಮ ದಿಂಬನ್ನೇ ಬೆಂಗಳೂರಿನಿಂದ ಒಯ್ಯಿರಿ. ಹಬ್ಬದ ಮನೆಯಲ್ಲಿ ದಿಂಬು ಎಂದೂ ಸಾಲುವುದಿಲ್ಲ.

ಪ್ರಯಾಣದ ಬಗ್ಗೆ ನೀವು ಕೇಳಲಿಲ್ಲ, ಟಿಕೆಟ್ ಆಗಿಲ್ಲದಿದ್ದರೆ ಓದಿ. ಬೆಂಗಳೂರು–ಮಂಗಳೂರು ಸುಮಾರು 350 ಕಿಲೋಮೀಟರ್. ರಾತ್ರಿಯ ಸ್ಲೀಪರ್ ಬಸ್ಸು ಶಿರಾಡಿ ಘಾಟಿಯಲ್ಲಿ ಎತ್ತಿ ಹಾಕುವುದು ಒಂದು ಕಷ್ಟ. ಗಂಟೆಗೊಮ್ಮೆ ಮೂತ್ರಕ್ಕೆ ಹೋಗಬೇಕಾದ ಹೆಣ್ಣುಮಗಳಿಗೆ ನಿಲ್ಲಿಸದೇ ಇರುವುದು ಅದಕ್ಕಿಂತ ದೊಡ್ಡ ಕಷ್ಟ. ಬಸ್ಸು ನಿಲ್ಲುವುದಿಲ್ಲ ಎಂದು ನೀರು ಕುಡಿಯದೇ ಕೂರುವವರನ್ನು ನೋಡಿದ್ದೇನೆ, ಉರಿಮೂತ್ರ ಬರುವುದು ಹೀಗೇ. ರೈಲು ನಿಧಾನ, ಆದರೆ ಶೌಚಾಲಯವಿದೆ, ಎದ್ದು ಓಡಾಡಬಹುದು. ಬಸುರಿಯರಿಗೆ ಕೆಳಗಿನ ಬರ್ತ್ ಕೋಟಾ ಇದೆ, ಡಾಕ್ಟರ ಪತ್ರ ಹಿಡಿದು ಕೌಂಟರಿನಲ್ಲಿ ಕೇಳಿ. ವಿಮಾನವಾದರೆ ಒಂದು ಗಂಟೆ. ತಿಂಗಳು ಏರಿದಂತೆ ಡಾಕ್ಟರ ಪತ್ರ ಕೇಳುತ್ತಾರೆ, ಕಂಪನಿಯ ನಿಯಮ ಮೊದಲೇ ನೋಡಿಕೊಳ್ಳಿ. ಕಾರಾದರೆ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಕೆಳಗೆ ತೊಡೆಯ ಮೇಲೆ ಬರಲಿ, ಮೇಲಿನದು ಎದೆಯ ನಡುವೆ ಹೋಗಲಿ. ಎರಡು ಗಂಟೆಗೊಮ್ಮೆ ಇಳಿದು ನಡೆಯಿರಿ.

ಹೊರಡುವ ಮೊದಲು ಡಾಕ್ಟರನ್ನು ಒಮ್ಮೆ ಕಾಣಿ. ತಾಯಿ ಕಾರ್ಡ್, ಸ್ಕ್ಯಾನ್ ವರದಿ, ರಕ್ತದ ವರದಿ ಎಲ್ಲವೂ ಒಂದೇ ಫೈಲಿನಲ್ಲಿರಲಿ. ಆ ಫೈಲ್ ಎಲ್ಲಿದೆ ಎಂದು ಗಂಡನಿಗೆ ಗೊತ್ತಿರಲಿ. ನಿಮ್ಮ ಡಾಕ್ಟರೂ ಹಬ್ಬಕ್ಕೆ ರಜೆ ಹಾಕಿರಬಹುದು, ಊರಲ್ಲಿ ಹತ್ತಿರ ಯಾವ ಆಸ್ಪತ್ರೆಯಲ್ಲಿ 25ರಂದೂ ಹೆರಿಗೆ ಡಾಕ್ಟರ್ ಇರುತ್ತಾರೆ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಮಂಗಳೂರಿನಲ್ಲಿ ಸರ್ಕಾರಿ ಲೇಡಿಗೋಷನ್ ಆಸ್ಪತ್ರೆ ಹೆರಿಗೆಗೆಂದೇ ಇದೆ. ಆಂಬುಲೆನ್ಸಿಗೆ 108.

ಹಬ್ಬ ಮುಗಿಯಲಿ ಎಂದು ಕಾಯಬಾರದ ವಿಷಯಗಳು ಕೆಲವಿವೆ. ಮಗುವಿನ ಅಲುಗಾಟ ಮಾಮೂಲಿಗಿಂತ ಕಡಿಮೆ ಅನ್ನಿಸುವುದು, ರಕ್ತ ಅಥವಾ ನೀರು ಹೋಗುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ದಿಢೀರನೆ ಊದುವುದು, ಪಕ್ಕೆಲುಬಿನ ಕೆಳಗೆ ನೋವು, ಬಿಟ್ಟು ಬಿಟ್ಟು ಹೊಟ್ಟೆ ಗಟ್ಟಿಯಾಗುವುದು, ಜ್ವರ. ಇವುಗಳಲ್ಲಿ ಒಂದು ಕಂಡರೂ ನಡುರಾತ್ರಿಯಾದರೂ ಸರಿ, ಮನೆ ತುಂಬ ನೆಂಟರಿದ್ದರೂ ಸರಿ, ಆಸ್ಪತ್ರೆಗೆ ಹೊರಡಿ. ಮಗು ಅಲುಗಾಡಲಿ ಎಂದು ಸಿಹಿ ತಿನ್ನಿಸಿ ನೋಡುವವರು ಇದ್ದಾರೆ. ಅದನ್ನು ನಂಬಿ ಹೊತ್ತು ಕಳೆಯಬೇಡಿ.

ನೆಂಟರ ಮಾತು ಇದ್ದದ್ದೇ. ಹೊಟ್ಟೆ ನೋಡಿ ಗಂಡೋ ಹೆಣ್ಣೋ ಹೇಳುವವರು, ತಮ್ಮ ಕಷ್ಟದ ಹೆರಿಗೆಯನ್ನು ಮೊದಲಿನಿಂದ ಕೊನೆವರೆಗೆ ಹೇಳುವವರು ಎಲ್ಲ ಮನೆಯಲ್ಲೂ ಒಬ್ಬರಾದರೂ ಸಿಗುತ್ತಾರೆ. ವಾದಕ್ಕೆ ಇಳಿಯಬೇಡಿ. “ಸ್ವಲ್ಪ ಕಾಲು ಚಾಚಿ ಬರ್ತೇನೆ ಆಂಟಿ” ಎಂದು ಎದ್ದು ಹೋಗಿ. ಬಸುರಿ ಮಲಗಲು ಹೋಗುತ್ತೇನೆ ಎಂದರೆ ತಡೆಯುವವರಿಲ್ಲ. ಬಂದವರ ಮಕ್ಕಳಿಗೆ ಜ್ವರ, ಮೈಮೇಲೆ ಗುಳ್ಳೆ ಇದೆ ಎಂದು ಕೇಳಿದರೆ ಮಾತ್ರ ನಿಜಕ್ಕೂ ದೂರ ಇರಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. “ಪ್ರತಿ ವರ್ಷ ಮನೆ ಮುಂದೆ ನಕ್ಷತ್ರ ಕಟ್ಟುವುದು ನಾನೇ. ಈ ಸಲವೂ ಏಣಿ ಹತ್ತಬಹುದಾ?” ಬೇಡ. ಹೊಟ್ಟೆ ಮುಂದೆ ಬಂದಾಗ ಮೈಯ ತೂಕದ ಲೆಕ್ಕ ತಪ್ಪಿರುತ್ತದೆ, ಕೀಲುಗಳೂ ಸಡಿಲವಾಗಿರುತ್ತವೆ. ಏಣಿ ಹತ್ತಲು ನಾದಿನಿಯ ಮಗ ಇದ್ದಾನಲ್ಲ. ನೀವು ಕೆಳಗೆ ಕುರ್ಚಿ ಹಾಕಿಕೊಂಡು “ಎಡಕ್ಕೆ, ಇನ್ನೂ ಸ್ವಲ್ಪ ಮೇಲೆ” ಎಂದು ಹೇಳಿ. ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಗಳು) ಜೋಡಿಸುವ ಕೆಲಸವನ್ನು ಬೇಕಿದ್ದರೆ ನಿಮ್ಮದೇ ಮಾಡಿಕೊಳ್ಳಿ, ಅದನ್ನು ಮೇಜಿನ ಮೇಲೂ ಮಾಡಬಹುದು.

— ಸಂಪಾದಕಿ